ಹಿಡಿದದ್ದು ಊರಿಗೆಲ್ಲ ಗೊತ್ತು, ಬಿಟ್ಟದ್ದು ಯಾರಿಗೆ ಗೊತ್ತು?

ಕಳೆದ ವಾರ, ಪೇಪರ್ ಅಚ್ಚಿಗೆ ಹೋದ ಮೇಲೆ, ನಮ್ಮ ಆಫೀಸಿನ ಮೆಟ್ಟಿಲು ಹತ್ತಿ ಒಬ್ಬ ಬಂದ. ವಯಸ್ಸು ಮೂವತ್ತರ ಒಳಗೆ. ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ. ಅದರೊಳಗೆ ಮಳೆಗೆ ಒದ್ದೆಯಾಗದ ಹಾಗೆ ಮಡಚಿ ಇಟ್ಟ ಹನ್ನೆರಡು ಹಾಳೆ. ಕೊನೆಯ ಹಾಳೆಯಲ್ಲಿ ಕೋರ್ಟಿನ ಮೊಹರು.

“ಸಾರ್, ನಾಲ್ಕು ವರ್ಷದ ಹಿಂದೆ ನನ್ನನ್ನು ಹಿಡಿದದ್ದು ನೀವು ಪೇಪರಲ್ಲಿ ಹಾಕಿದ್ರಿ. ಅಪ್ಪನ ಹೆಸರು, ಊರಿನ ಹೆಸರು ಸಮೇತ. ಈಗ ಕೋರ್ಟು ಬಿಟ್ಟಿದೆ. ಇದನ್ನೂ ಹಾಕ್ತೀರಾ?”

ಹಳೆಯ ಫೈಲು ತೆಗೆದು ನೋಡಿದೆ. ಹೌದು, ಬರೆದವ ನಾನೇ. ಅಂಗಡಿ ಕಳವು, ಕೆಲಸದ ಹುಡುಗನ ಬಂಧನ, ಎರಡು ಕಾಲಂ. ಠಾಣೆಯಿಂದ ಬಂದ ನಾಲ್ಕು ಸಾಲಿಗೆ ನಾನು ನಾಲ್ಕು ಸಾಲು ಸೇರಿಸಿ ಹತ್ತು ನಿಮಿಷದಲ್ಲಿ ಮುಗಿಸಿದ ಸುದ್ದಿ. ನನಗೆ ಅದರ ನೆನಪೇ ಇರಲಿಲ್ಲ. ಅವನಿಗೆ ಒಂದೊಂದು ಅಕ್ಷರವೂ ಬಾಯಿಪಾಠ. ಆಮೇಲೆ ಅವನು ಎರಡು ಅಂಗಡಿಯಲ್ಲಿ ಕೆಲಸ ಕೇಳಿದ್ದಾನೆ. ಎರಡೂ ಕಡೆ ಧಣಿಗಳ ಮೊಬೈಲಿನಲ್ಲಿ ನಮ್ಮ ಪೇಪರಿನ ಆ ತುಂಡಿನ ಫೋಟೋ ಇತ್ತಂತೆ.

ಇನ್ನೊಂದು ಮಾತೂ ಹೇಳಿದ. ಹಿಡಿದ ದಿನ ರಾತ್ರಿ ಅವನ ತಾಯಿ ಎರಡು ಠಾಣೆ ತಿರುಗಿದ್ದರು. “ಇಲ್ಲಿಲ್ಲ, ಅಲ್ಲಿ ಕೇಳಿ” ಎಂಬ ಉತ್ತರ. ಮಗ ಎಲ್ಲಿದ್ದಾನೆ ಅಂತ ಆ ತಾಯಿಗೆ ಗೊತ್ತಾದದ್ದು ಮರುದಿನ ಸಂಜೆ, ನಮ್ಮ ಪೇಪರ್ ಓದಿ!

ಓದುಗರೇ, ಸ್ವಲ್ಪ ಯೋಚನೆ ಮಾಡಿ. ಮೊದಲ ದಿನ ಮನೆಯವರಿಗೆ ತಿಳಿಯಬೇಕಾದ್ದು ತಿಳಿಯಲಿಲ್ಲ. ಕೊನೆಯ ದಿನ ಊರಿಗೆ ತಿಳಿಯಬೇಕಾದ್ದು ತಿಳಿಯಲಿಲ್ಲ. ನಡುವೆ ಒಂದು ಫೋಟೋ ಮಾತ್ರ ಇಡೀ ಜಿಲ್ಲೆ ಸುತ್ತಿತು. ಬಂಧನದ ದಾಖಲೆ, ಕೋರ್ಟಿನ ದಾಖಲೆ ಸಾರ್ವಜನಿಕ ಅಂತ ಪುಸ್ತಕದಲ್ಲಿ ಉಂಟು. ಆದರೆ ಬೈಂದೂರಿನಿಂದ ಹೆಜಮಾಡಿವರೆಗಿನ ಈ ನಮ್ಮ ಉಡುಪಿ ಜಿಲ್ಲೆಯಲ್ಲಿ ಅದನ್ನು ಹುಡುಕಿ ತೆಗೆಯುವುದು ಗುರುತಿನವರು ಇದ್ದವರಿಗೆ ಮಾತ್ರ ಸುಲಭ. ಇದು ನಮ್ಮ ತಕರಾರು.

ಮೊದಲು ಠಾಣೆಯ ವಿಷಯ. ಹಿಡಿದವರ ಹೆಸರು ಬೋರ್ಡಿಗೆ ಹಾಕುವ ಪದ್ಧತಿ ಶುರುವಾದದ್ದು ಯಾಕೆ ಗೊತ್ತುಂಟಾ? ಯಾರ ಮಾನ ಕಳೆಯಲಿಕ್ಕೂ ಅಲ್ಲ, ಜೀವ ಉಳಿಸಲಿಕ್ಕೆ. 1986ರಲ್ಲಿ ಲಾಕಪ್ ಸಾವುಗಳ ಬಗ್ಗೆ ಪತ್ರಿಕೆಗಳಲ್ಲಿ ಬಂದ ಸುದ್ದಿ ಹಿಡಿದು ಪಶ್ಚಿಮ ಬಂಗಾಳದ ಡಿ. ಕೆ. ಬಸು ಅವರು ಸುಪ್ರೀಂ ಕೋರ್ಟಿಗೆ ಕಾಗದ ಬರೆದರು. ಆ ಕಾಗದವೇ ಕೇಸಾಯಿತು. 1996ರ ಡಿಸೆಂಬರ್ 18ರಂದು ತೀರ್ಪು ಬಂತು. ಹಿಡಿಯುವ ಪೊಲೀಸರ ಎದೆ ಮೇಲೆ ಹೆಸರಿನ ಪಟ್ಟಿ ಇರಬೇಕು. ಹಿಡಿದ ತಾರೀಕು, ಗಂಟೆ ಬರೆದ ಬಂಧನ ಪತ್ರ ಆಗಬೇಕು. ಅದಕ್ಕೆ ಮನೆಯವರೋ ಊರಿನ ಗಣ್ಯರೋ ಒಬ್ಬರು ಸಾಕ್ಷಿ ಹಾಕಬೇಕು, ಹಿಡಿಸಿಕೊಂಡವನೂ ಸಹಿ ಹಾಕಬೇಕು. 12 ಗಂಟೆಯ ಒಳಗೆ ಕಂಟ್ರೋಲ್ ರೂಮಿಗೆ ಸುದ್ದಿ ಹೋಗಿ ಅಲ್ಲಿಯ ಬೋರ್ಡಿನಲ್ಲಿ ಎಲ್ಲರಿಗೂ ಕಾಣುವಂತೆ ಬರಬೇಕು. ಹೆಸರು ಬೋರ್ಡಿನಲ್ಲಿ ಇದ್ದರೆ ಮನುಷ್ಯ ಕಾಣೆಯಾಗಲಿಕ್ಕಿಲ್ಲ ಎಂಬುದು ಲೆಕ್ಕ. ನಾವು ಪತ್ರಿಕೆಯವರು ಅದೇ ಹೆಸರನ್ನು ಮಸಾಲೆ ಮಾಡಿದೆವು.

2024ರ ಜುಲೈ 1ರಿಂದ ಹೊಸ ಕಾನೂನು ಬಂದಿದೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. ಅದರ 37ನೇ ಕಲಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆ ಇಲ್ಲದ ಒಬ್ಬ ಅಧಿಕಾರಿಯನ್ನು ಈ ಕೆಲಸಕ್ಕೇ ನೇಮಿಸಬೇಕು. ಹಿಡಿದವರ ಹೆಸರು, ವಿಳಾಸ, ಯಾವ ಅಪರಾಧ ಎಂಬುದನ್ನು ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಎದ್ದು ಕಾಣುವಂತೆ ಹಾಕಬೇಕು. ಅಂದರೆ ಬೈಂದೂರಿನ ತಾಯಿ ಮಗನನ್ನು ಹುಡುಕಿಕೊಂಡು ಉಡುಪಿಯ ಬಸ್ಸು ಹತ್ತಬೇಕಾಗಿಲ್ಲ. ತನ್ನ ಊರಿನ ಠಾಣೆಯಲ್ಲೇ ಓದಿ ತಿಳಿಯಬೇಕು.

ಕಾನೂನು ಚೆನ್ನಾಗಿದೆ. ಬೋರ್ಡು ಎಲ್ಲಿದೆ ಸ್ವಾಮಿ? ನಾನು ಹೋದ ಒಂದು ಠಾಣೆಯಲ್ಲಿ ಬೋರ್ಡು ಇತ್ತು, ಅದರ ಮುಂದೆ ಜಪ್ತಿ ಮಾಡಿದ ಬೈಕು ನಿಲ್ಲಿಸಿದ್ದರು. ಬೈಕುಗಳ ನಡುವೆ ನುಸುಳಿ ಹೋಗಿ ನೋಡಿದರೆ ಹಳೆಯ ತಿಂಗಳ ಹೆಸರು. ಕೇಳಿದ್ದಕ್ಕೆ, “ನಿಮಗೆ ವಾಟ್ಸಾಪಲ್ಲಿ ಬರ್ತದಲ್ಲ ಮಾರಾಯ್ರೆ, ಬೋರ್ಡು ಎಂತಕ್ಕೆ?” ಅಂದರು. ನನಗೆ ಬರುತ್ತದೆ, ಸರಿ. ಮಲ್ಪೆ ಬಂದರಿನಲ್ಲಿ ಬೋಟಿನ ಕೆಲಸಕ್ಕೆ ಒಡಿಶಾದಿಂದ ಬಂದ ಹುಡುಗನ ಅಣ್ಣನಿಗೆ ಯಾರ ವಾಟ್ಸಾಪಿನಲ್ಲಿ ಬರುತ್ತದೆ? ನೆಲದ ಠಾಣೆ ಬೇರೆ, ಸಮುದ್ರಕ್ಕೆ ಮಲ್ಪೆ, ಗಂಗೊಳ್ಳಿ, ಹೆಜಮಾಡಿಯ ಕರಾವಳಿ ಕಾವಲು ಪೊಲೀಸ್ ಠಾಣೆಗಳು ಬೇರೆ. ಅವನು ಯಾವ ಬಾಗಿಲು ತಟ್ಟಬೇಕು?

ಹಾಗಾದರೆ ಸಾಮಾನ್ಯ ಜನ ಏನು ಮಾಡಬೇಕು? ಇದನ್ನು ಕತ್ತರಿಸಿ ಅಂಗಡಿಯ ಗಲ್ಲಾದಲ್ಲಿ ಇಟ್ಟುಕೊಳ್ಳಿ.

ನಿಮ್ಮವರನ್ನು ಕರೆದುಕೊಂಡು ಹೋದರೆ ಠಾಣೆಗೆ ಹೋಗಿ ಎರಡೇ ಪ್ರಶ್ನೆ ಕೇಳಿ. ಬಂಧನ ಆಗಿದೆಯಾ, ಎಷ್ಟು ಗಂಟೆಗೆ? ಕ್ರೈಂ ನಂಬರ್ ಎಷ್ಟು? ಬಂಧನ ಆದ ಮೇಲೆ, ದಾರಿಯ ಪ್ರಯಾಣದ ಹೊತ್ತು ಬಿಟ್ಟು, 24 ಗಂಟೆಯ ಒಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲೇಬೇಕು. ಇದು ಸಂವಿಧಾನದ 22ನೇ ವಿಧಿ, ಯಾರ ದಯೆಯೂ ಅಲ್ಲ. ಕಸ್ಟಡಿಯಲ್ಲಿ ಇರುವವನಿಗೆ ಆದಾಯದ ಲೆಕ್ಕವಿಲ್ಲದೆ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ಕಾನೂನು ಸೇವಾ ಪ್ರಾಧಿಕಾರದ ಫೋನ್ ನಂಬರ್ 15100.

ಕ್ರೈಂ ನಂಬರ್ ಅಂದರೆ ಎಫ್‌ಐಆರ್ ನಂಬರ್. ಅದು ಸಿಕ್ಕಿದರೆ ಅರ್ಧ ಕೆಲಸ ಆದ ಹಾಗೆ. 2016ರ ಸೆಪ್ಟೆಂಬರ್ 7ರಂದು ಸುಪ್ರೀಂ ಕೋರ್ಟ್ ಆದೇಶ ಮಾಡಿದೆ: ಎಫ್‌ಐಆರ್ ದಾಖಲಾಗಿ 24 ಗಂಟೆಯೊಳಗೆ ಪೊಲೀಸ್ ಜಾಲತಾಣಕ್ಕೆ ಹಾಕಬೇಕು. ಇಂಟರ್‌ನೆಟ್ ಸಿಗದ ಜಾಗವಾದರೆ ಹೆಚ್ಚೆಂದರೆ 72 ಗಂಟೆ. ಲೈಂಗಿಕ ಅಪರಾಧ, ಪೋಕ್ಸೊ, ಭಯೋತ್ಪಾದನೆಯಂಥ ಸೂಕ್ಷ್ಮ ಕೇಸುಗಳಿಗೆ ಇದು ಅನ್ವಯಿಸುವುದಿಲ್ಲ. ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿ ಧರ್ಮಕ್ಕೆ ಕೊಡಬೇಕು. ಅಂಗಡಿ ಕಳವಾಯಿತು ಅಂತ ದೂರು ಕೊಟ್ಟು ಕೈಕಟ್ಟಿ ಕೂತ ವರ್ತಕರೇ, ತನಿಖೆ ಎಲ್ಲಿಗೆ ಬಂತು ಅಂತ 90 ದಿನದ ಒಳಗೆ ನಿಮಗೆ ತಿಳಿಸುವುದು ಪೊಲೀಸರ ಕರ್ತವ್ಯ. ಹೊಸ ಕಾನೂನಿನ 193ನೇ ಕಲಮಿನಲ್ಲಿ ಬರೆದಿದೆ. ಹೋಗಿ ಕೇಳಿ.

ಇನ್ನು ಕೋರ್ಟು. ಜನ ದಾರಿ ತಪ್ಪುವುದು ಇಲ್ಲಿ. ಠಾಣೆಯಲ್ಲಿ ಒಂದು ನಂಬರ್. ಚಾರ್ಜ್‌ಶೀಟ್ ಆಗಿ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಕೇಸು ದಾಖಲಾದರೆ ಸಿ.ಸಿ. ನಂಬರ್. ದೊಡ್ಡ ಕೇಸಾಗಿ ಸೆಷನ್ಸಿಗೆ ಹೋದರೆ ಎಸ್.ಸಿ. ನಂಬರ್. ಜಾಮೀನಿಗೆ ಬೇರೆ, ಅಪೀಲಿಗೆ ಬೇರೆ. ಮನುಷ್ಯ ಒಬ್ಬನೇ, ನಂಬರ್ ನಾಲ್ಕೈದು. ಹಳ್ಳಿಯಿಂದ ಬಂದವರು ಠಾಣೆಯ ನಂಬರ್ ಹಿಡಿದು ಕೋರ್ಟಿನ ಕಿಟಕಿಯಲ್ಲಿ ನಿಂತರೆ “ಇದಲ್ಲ” ಅನ್ನುತ್ತಾರೆ. ಅಲ್ಲಿಂದ ಹೊರಗೆ ಬಂದರೆ ಮರದ ಕೆಳಗೆ ಒಬ್ಬ ಸಹಾಯಕ ಕಾದಿರುತ್ತಾನೆ. ಅವನ ಸಹಾಯಕ್ಕೆ ರೇಟು ಉಂಟು.

ಇದಕ್ಕೆ ಮದ್ದು, ಸಿಎನ್ಆರ್ ನಂಬರ್. ಕೋರ್ಟಿಗೆ ಬಂದ ಪ್ರತಿ ಕೇಸಿಗೂ 16 ಅಕ್ಷರ-ಅಂಕಿಗಳ ಒಂದು ಗುರುತು. ಅದನ್ನು ಇ-ಕೋರ್ಟ್ಸ್ ಜಾಲತಾಣದಲ್ಲೋ ಮೊಬೈಲ್ ಆಪ್‌ನಲ್ಲೋ ಹಾಕಿದರೆ ಮುಂದಿನ ತಾರೀಕು, ಹಿಂದಿನ ತಾರೀಕು, ಕೇಸು ಮುಗಿದಿದ್ದರೆ ಹೇಗೆ ಮುಗಿಯಿತು, ಎಲ್ಲ ಬರುತ್ತದೆ. ಸಿಎನ್ಆರ್ ಗೊತ್ತಿಲ್ಲವಾದರೆ ಠಾಣೆ, ಎಫ್‌ಐಆರ್ ನಂಬರ್, ವರ್ಷ ಹಾಕಿ ಹುಡುಕಬಹುದು. ಕುಂದಾಪುರದ ಕೋರ್ಟಿನ ತಾರೀಕು ನೋಡಲಿಕ್ಕೆ ಅಂಗಡಿ ಬಾಗಿಲು ಹಾಕಿ ಬಸ್ಸಿಗೆ ಕೊಟ್ಟು ಬರಬೇಕಾಗಿಲ್ಲ. ಇ-ಕೋರ್ಟ್ಸ್ ಯೋಜನೆಯ ಮೂರನೇ ಹಂತಕ್ಕೆ ಕೇಂದ್ರ ಸರ್ಕಾರ 2023ರಲ್ಲಿ 7,210 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿದೆ. ಅದು ನಮ್ಮ ನಿಮ್ಮ ದುಡ್ಡು. ಉಪಯೋಗಿಸಿ.

ಆದರೆ ಒಂದು ಎಚ್ಚರಿಕೆ. ಬರೀ ಹೆಸರು ಹಾಕಿ ಹುಡುಕಿ ತೀರ್ಮಾನ ಮಾಡಬೇಡಿ. ಕೆಲಸಕ್ಕೆ ಬಂದ ಹುಡುಗ ಸುಧಾಕರ ಪೂಜಾರಿ ಅಂತಿಟ್ಟುಕೊಳ್ಳಿ. ಈ ಜಿಲ್ಲೆಯಲ್ಲಿ ಆ ಹೆಸರಿನವರು ಎಷ್ಟು ಜನ! ಇಂಗ್ಲಿಷಿನಲ್ಲಿ ಪೂಜಾರಿ ಅಂತ ಒಬ್ಬ ಗುಮಾಸ್ತ ಒಂದು ರೀತಿ ಬರೆದರೆ ಇನ್ನೊಬ್ಬ ಇನ್ನೊಂದು ರೀತಿ ಬರೆಯುತ್ತಾನೆ. ತಂದೆ ಹೆಸರು, ಊರು ಕೂಡದೆ ಹೋದರೆ ಯಾರದೋ ಕೇಸು ಯಾರದೋ ತಲೆಗೆ. ತಲೆಗೇ ಕೂಡಿದರೂ ಕೇಸು ಇದೆ ಅಂದರೆ ತಪ್ಪು ಮಾಡಿದ್ದಾನೆ ಅಂತ ಅರ್ಥವಲ್ಲ. ಕೊನೆಯ ಸಾಲು ಓದಿ, ಆಮೇಲೆ ಬಾಗಿಲು ಹಾಕಿ.

ಮೊಹರು ಬಿದ್ದ ತೀರ್ಪಿನ ಪ್ರತಿ ಬೇಕಾದರೆ ಕೋರ್ಟಿನ ನಕಲು ವಿಭಾಗದಲ್ಲಿ ಅರ್ಜಿ, ಜೊತೆಗೆ ಫೀಸು. ಮಾಹಿತಿ ಹಕ್ಕಿನ ಹತ್ತು ರೂಪಾಯಿ ಅರ್ಜಿ ಅಲ್ಲಿ ನಡೆಯುವುದಿಲ್ಲ. ಕೋರ್ಟಿನ ಕಾಗದವನ್ನು ಕೋರ್ಟಿನ ನಿಯಮದ ದಾರಿಯಲ್ಲೇ ಕೇಳಬೇಕು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಆದರೆ ಪೊಲೀಸ್ ಇಲಾಖೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ಒಬ್ಬನ ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಾದರೆ 30 ದಿನ ಕಾಯಬೇಕಾಗಿಲ್ಲ, 48 ಗಂಟೆಯಲ್ಲಿ ಉತ್ತರ ಕೊಡಬೇಕು.

ಎಲ್ಲವನ್ನೂ ಬೀದಿಗೆ ತೂಗುಹಾಕಿ ಅಂತ ನಾವು ಹೇಳುವುದಿಲ್ಲ. ಅತ್ಯಾಚಾರಕ್ಕೆ ಒಳಗಾದವರ ಗುರುತು, ಮಕ್ಕಳ ಗುರುತು ಹೊರಗೆ ಹಾಕುವುದು ಅಪರಾಧ. ಹಾಕಲೂಬಾರದು. ಚಾರ್ಜ್‌ಶೀಟುಗಳನ್ನು ಜಾಲತಾಣಕ್ಕೆ ಹಾಕಿಸಬೇಕೆಂಬ ಅರ್ಜಿಯನ್ನು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ತಳ್ಳಿಹಾಕಿದೆ. ಎಫ್‌ಐಆರ್ ತೋರಿಸಿ ಚಾರ್ಜ್‌ಶೀಟ್ ಮುಚ್ಚಿಡುವುದು ಯಾವ ನ್ಯಾಯ ಎಂದು ಕೇಳುವವರಿದ್ದಾರೆ. ಅದು ದೊಡ್ಡವರ ಚರ್ಚೆ. ನಮ್ಮ ಬೇಡಿಕೆ ಚಿಕ್ಕದು. ಕಾನೂನು ಈಗಾಗಲೇ ಕೊಟ್ಟದ್ದು ಕೈಗೆ ಸಿಗಲಿ.

ಜಿಲ್ಲೆಯ ಎಸ್ಪಿ ಸಾಹೇಬರೇ, ಪ್ರತಿ ಠಾಣೆಯ ಬಾಗಿಲಲ್ಲಿ, ಕನ್ನಡದಲ್ಲಿ, ದಿನಾ ಬರೆಯುವ ಬೋರ್ಡು ಇಡಿಸಿ. ಮುಂದೆ ಬೈಕು ನಿಲ್ಲಿಸದ ಹಾಗೆ ನೋಡಿಕೊಳ್ಳಿ. ಅದರ ಜವಾಬ್ದಾರಿ ಹೊತ್ತ ಅಧಿಕಾರಿಯ ಹೆಸರನ್ನೂ ಅಲ್ಲೇ ಬರೆಸಿ. ಠಾಣೆಯವರು ಪತ್ರಿಕೆಗೆ ಕಳಿಸುವ ಸುದ್ದಿಯನ್ನು ಮನೆಯವರಿಗೆ ಮೊದಲು ಮುಟ್ಟಿಸಲಿ. ಕೋರ್ಟಿನ ಆಡಳಿತದವರಲ್ಲಿ ಒಂದು ವಿನಂತಿ: ಕ್ರೈಂ ನಂಬರಿನಿಂದ ಸಿಎನ್ಆರ್ ನಂಬರ್ ಹುಡುಕಿ ಚೀಟಿಯಲ್ಲಿ ಬರೆದುಕೊಡುವ ಒಬ್ಬರನ್ನು ಜನರ ಕಣ್ಣಿಗೆ ಬೀಳುವ ಜಾಗದಲ್ಲಿ ಕೂರಿಸಿ. ಮರದ ಕೆಳಗಿನವನ ವ್ಯಾಪಾರ ತಾನಾಗಿ ನಿಲ್ಲುತ್ತದೆ.

ಪರರಿಗೆ ಬುದ್ಧಿ ಹೇಳಿದ ಮೇಲೆ ನಮ್ಮದೂ ಒಂದು ಇರಬೇಕಲ್ಲ. ಬಂಧನದ ಸುದ್ದಿ ತಾನಾಗಿ ಬಂದು ನಮ್ಮ ಮೇಜಿನ ಮೇಲೆ ಬೀಳುತ್ತದೆ. ತೀರ್ಪಿನ ಸುದ್ದಿಗೆ ನಾವೇ ಎದ್ದು ಹೋಗಬೇಕು. ನಾವು ಹೋಗಲಿಲ್ಲ. ತಪ್ಪು ನಮ್ಮದು, ಆ ಕಳವಿನ ಸುದ್ದಿಯ ಮಟ್ಟಿಗೆ ನನ್ನದೇ. ಇನ್ನು ಮುಂದೆ ಈ ಪತ್ರಿಕೆಯಲ್ಲಿ ಬಂಧನದ ಸುದ್ದಿಯ ಕೆಳಗೆ ಕ್ರೈಂ ನಂಬರ್ ಇರುತ್ತದೆ. ಯಾರು ಬೇಕಾದರೂ ಕೇಸಿನ ಬೆನ್ನು ಹಿಡಿದು ಹೋಗಬಹುದು. ಬಿಡುಗಡೆಯಾದವರು ತೀರ್ಪಿನ ಪ್ರತಿ ತಂದರೆ, ಬಂಧನದ ಸುದ್ದಿ ಬಂದ ಪುಟದಲ್ಲೇ, ಅಷ್ಟೇ ಜಾಗದಲ್ಲಿ ಹಾಕುತ್ತೇವೆ. ಸಂಪಾದಕರು ಒಪ್ಪಿದ್ದಾರೆ. ಕಾಸು ಕೊಡಬೇಕಾಗಿಲ್ಲ.

ಪ್ಲಾಸ್ಟಿಕ್ ಚೀಲದ ಹುಡುಗನ ಸುದ್ದಿ ಇವತ್ತಿನ ಮೂರನೇ ಪುಟದಲ್ಲಿದೆ, ಎರಡು ಕಾಲಂ. ಹೆಸರು ಹಾಕಬೇಕೋ ಬೇಡವೋ ಅಂತ ಅವನನ್ನೇ ಕೇಳಿದೆ. “ಹಾಕಿ ಸಾರ್, ಆವತ್ತು ಹಾಕಿದ್ರಲ್ಲ” ಅಂದ. ಹಾಕಿದ್ದೇವೆ. ಮೊಬೈಲಿನಲ್ಲಿ ಹಳೆಯ ಫೋಟೋ ಇಟ್ಟುಕೊಂಡ ಧಣಿಗಳು ಇದರದ್ದೂ ಒಂದು ಫೋಟೋ ತೆಗೆದಿಟ್ಟುಕೊಳ್ಳಬೇಕಾಗಿ ವಿನಂತಿ.