ಲೈಸೆನ್ಸ್ ಬೇಡದ ಕೋವಿ, ಕಾನೂನು ಬಿಡದ ಬೇಟೆ

ಜಾತ್ರೆಯಲ್ಲಿ ಬಲೂನು ಹೊಡೆಯುವ ಏರ್‌ಗನ್ ನೋಡದವರು ಗಡಿಯ ಈಚೆಗೂ ಆಚೆಗೂ ಯಾರಿದ್ದಾರೆ? ಜನ ಅದನ್ನು ಆಟಿಕೆಯೆಂದೇ ತಿಳಿದಿದ್ದಾರೆ. ಲೈಸೆನ್ಸ್ ಬೇಡ ಎಂಬ ಮಾತೂ ಸೇರಿದರೆ ಮುಗಿಯಿತು, ತೋಟಕ್ಕೆ ನುಗ್ಗುವ ಮಂಗ, ನವಿಲು, ಹಂದಿ ಎಲ್ಲಕ್ಕೂ ಅದೇ ಮದ್ದು ಎಂಬ ಲೆಕ್ಕಾಚಾರ ಶುರು.

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ .177 ಇಂಚು (4.5 ಮಿ.ಮೀ.) ಮತ್ತು 20 ಜೂಲ್ ಮೀರದ ಏರ್ ರೈಫಲಿಗೆ ಲೈಸೆನ್ಸ್ ಬೇಡ, ನಿಜ. ಆದರೆ 20 ಜೂಲ್ ಎಂದರೆ ಅರ್ಧ ಗ್ರಾಂ ತೂಕದ ಸೀಸದ ಗುಂಡು ಗಂಟೆಗೆ ಸುಮಾರು ಸಾವಿರ ಕಿ.ಮೀ. ವೇಗದಲ್ಲಿ ಹೊರಟಂತೆ! 2008ರಲ್ಲಿ ಅಭಿನವ್ ಬಿಂದ್ರಾ ಒಲಿಂಪಿಕ್ ಚಿನ್ನ ಗೆದ್ದ ಸ್ಪರ್ಧೆಯ ರೈಫಲುಗಳಿಗೆ ಸಾಮಾನ್ಯವಾಗಿ ಇದರ ಅರ್ಧದಷ್ಟೂ ಶಕ್ತಿ ಇರುವುದಿಲ್ಲ. ಮಕ್ಕಳ ಕಣ್ಣಿಗೆ ಬಿದ್ದರೆ ಕಣ್ಣು ಹೋಯಿತೆಂದೇ ಅರ್ಥ.

ಗಾಳಿಕೋವಿ ಯುದ್ಧಕ್ಕೂ ಹೋಗಿ ಬಂದದ್ದೇ. 1780ರ ಸುಮಾರಿಗೆ ಆಸ್ಟ್ರಿಯಾದ ಸೈನ್ಯ ಜಿರಾರ್ಡೋನಿ ಎಂಬ ಏರ್ ರೈಫಲ್ ಬಳಕೆಗೆ ತಂದಿತು. ಸಾವಿರಕ್ಕೂ ಹೆಚ್ಚು ಬಾರಿ ಪಂಪು ಒತ್ತಿ ಗಾಳಿ ತುಂಬಬೇಕಿತ್ತು. ತುಂಬಿದ ಮೇಲೆ ಹೊಗೆಯಿಲ್ಲದೆ ಒಂದರ ಹಿಂದೊಂದು 20 ಗುಂಡು. ಆದರೆ ರಣರಂಗದಲ್ಲಿ ರಿಪೇರಿ ಕಷ್ಟವೆಂದು ಕೆಲವೇ ದಶಕಗಳಲ್ಲಿ ಮೂಲೆ ಸೇರಿತು.

ಇಂದಿನ ಲೈಸೆನ್ಸ್ ಬೇಡದ ಏರ್‌ಗನ್ನಿಗೆ ಕಾಡುಹಂದಿಯನ್ನು ಕೆಡಹುವ ತಾಕತ್ತಿಲ್ಲ, ಗಾಯಮಾಡಿ ಕೆರಳಿಸುವಷ್ಟು ಮಾತ್ರ ಇದೆ. ಕೇರಳ ಸರ್ಕಾರ 2022ರಲ್ಲಿ ಬೆಳೆ ಹಾಳುಮಾಡುವ ಹಂದಿಗಳನ್ನು ಕೊಲ್ಲಿಸುವ ಅಧಿಕಾರವನ್ನು ಪಂಚಾಯತಿಗಳಿಗೆ ಕೊಟ್ಟಾಗಲೂ ಗುಂಡು ಹಾರಿಸಬೇಕಾದವರು ಲೈಸೆನ್ಸಿನ ಕೋವಿ ಇದ್ದವರೇ. ನವಿಲು, ಮಂಗಗಳಂತೂ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಹೊಡೆದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಕೋವಿಗೆ ಲೈಸೆನ್ಸ್ ಬೇಡ ಎಂಬುದು ಬೇಟೆಗೆ ಅಪ್ಪಣೆಯಲ್ಲ. ಎರಡೂ ಕಾಯ್ದೆ ಕೇಂದ್ರದ್ದು, ಚೆಕ್‌ಪೋಸ್ಟ್ ದಾಟಿದ ಮಾತ್ರಕ್ಕೆ ಬದಲಾಗುವುದಿಲ್ಲ.

ದೂರದ ಅರುಣಾಚಲ ಪ್ರದೇಶದಲ್ಲಿ ಹಕ್ಕಿಗಳೇ ಕಡಿಮೆಯಾದಾಗ ಬೇರೆ ದಾರಿ ಹುಡುಕಿದರು. 2021ರ ಮಾರ್ಚಿನಲ್ಲಿ ಲುಮ್ಡುಂಗ್ ಎಂಬ ಹಳ್ಳಿಯಲ್ಲಿ ಸಚಿವ ಮಾಮಾ ನಾಟುಂಗ್ ಏರ್‌ಗನ್ ಒಪ್ಪಿಸುವ ಅಭಿಯಾನ ಆರಂಭಿಸಿದರು. ಮುಂದೆ ಎರಡು ಸಾವಿರಕ್ಕೂ ಹೆಚ್ಚು ಕೋವಿಗಳನ್ನು ಜನ ತಾವಾಗಿಯೇ ತಂದುಕೊಟ್ಟರು. ಅಲ್ಲಿ ಬೇಟೆ ಹಿಂದಿನಿಂದ ಬಂದ ರೂಢಿ, ಮಾಂಸದ ಆಸೆಯೂ ಇತ್ತು. ನಮ್ಮ ಗಡಿ ಹಳ್ಳಿಗಳಲ್ಲಿ ಏರ್‌ಗನ್ ಹಿಡಿಯುವವನು ಬಹುಪಾಲು ಬೆಳೆ ಕಳೆದುಕೊಂಡವನು. ಪರಿಹಾರದ ಅರ್ಜಿ ಕೊಟ್ಟು ಕಾದು ಕುಳಿತವನಿಗೆ ಕೋವಿ ಒಪ್ಪಿಸು ಎಂದರೆ ಅಷ್ಟು ಸುಲಭದಲ್ಲಿ ಕೇಳುತ್ತಾನೆಯೆ?