ಥೆರಪಿ ಶಾಲೆಯ ಹೊರಗೇ ಉಳಿದರೆ

ಬೆಂಗಳೂರಿನ ಬಡಾವಣೆಗಳಲ್ಲಿ ಮಕ್ಕಳ ಥೆರಪಿ ಸೆಂಟರ್‌ಗಳ ಬೋರ್ಡುಗಳು ಹೆಚ್ಚುತ್ತಿವೆ. ಮಾತು ತಡವಾದ, ಆಟಿಸಂ ಇರುವ, ಪೆನ್ಸಿಲ್ ಹಿಡಿಯಲು ಒದ್ದಾಡುವ ಮಕ್ಕಳಿಗೆ ನೆರವು ಸಿಗುತ್ತಿರುವುದು ಸಂತೋಷವೇ. ಆದರೆ ಅದರ ಬೆನ್ನಿಗೇ ಇನ್ನೊಂದು ರೂಢಿಯೂ ತಲೆಯೆತ್ತುತ್ತಿದೆ. ‘ಮೊದಲು ಥೆರಪಿ ಮಾಡಿಸಿ, ಆಮೇಲೆ ನೋಡೋಣ’ ಎಂದು ಶಾಲೆಗಳು ಪೋಷಕರನ್ನು ಸಾಗಹಾಕುತ್ತಿವೆ. ಇದು ಬೇರೂರುವ ಮುನ್ನವೇ ತಡೆಯಬೇಕು.

ಕ್ಲಿನಿಕ್ಕಿನ ಕೆಲಸವನ್ನು ಶಾಲೆ ಮಾಡಲಾರದು, ನಿಜ. ಮಗುವಿಗೆ ಕಿವಿ ಕೇಳಿಸುತ್ತಿದೆಯೇ, ಸೆರೆಬ್ರಲ್ ಪಾಲ್ಸಿಯಿಂದ ಬಿಗಿದ ಕಾಲಿಗೆ ಎಂಥ ವ್ಯಾಯಾಮ ಬೇಕು ಎಂಬುದನ್ನು ತಜ್ಞರೇ ಹೇಳಬೇಕು. ಮೈಸೂರಿನ ವಾಕ್ ಶ್ರವಣ ಸಂಸ್ಥೆ, ನಿಮ್ಹಾನ್ಸ್ ಇರುವುದು ಅದಕ್ಕೇ. ಆದರೆ ಸೆಂಟರಿನಲ್ಲಿ ಮಗು ಕಳೆಯುವುದು ವಾರಕ್ಕೆ ಒಂದೆರಡು ಸಲ, ಮುಕ್ಕಾಲು ಗಂಟೆ. ಅದೂ ಸದ್ದಿಲ್ಲದ ಕೋಣೆಯಲ್ಲಿ, ಒಬ್ಬರೇ ತಜ್ಞರ ಎದುರು. ಅಲ್ಲಿ ‘ನೀರು ಬೇಕು’ ಎನ್ನಲು ಕಲಿತ ಮಗು ತರಗತಿಯ ಗದ್ದಲದಲ್ಲಿ ಬಾಯಿಯೇ ಬಿಡದಿರಬಹುದು. ಬಿಸಿಯೂಟಕ್ಕೆ ತಟ್ಟೆ ಹಿಡಿದು ಸರದಿ ಕಾಯುವುದು, ಶೌಚಕ್ಕೆ ಹೋಗಬೇಕೆಂದು ಮೇಡಂಗೆ ತಿಳಿಸುವುದು, ಆಟದಲ್ಲಿ ಸೋತಾಗ ತಡೆದುಕೊಳ್ಳುವುದು ರೂಢಿಯಾಗಬೇಕಾದರೆ ಶಾಲೆಯೇ ಬೇಕು.

ತಾಲ್ಲೂಕುಗಳ ಪಾಡು ಬೇರೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಲ್ಲಿ ತೊಂದರೆ ಗುರುತಿಸಿದ ಮಕ್ಕಳನ್ನು ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳಿಸಬೇಕು. ಥೆರಪಿ ತಿಂಗಳುಗಟ್ಟಲೆ ನಡೆಯುವಂಥದ್ದು. ಅಷ್ಟು ಸಲ ಅಲ್ಲಿಗೆ ಹೋಗಿಬರುವ ತಾಯಿಗೆ ಶಕ್ತಿ ಯೋಜನೆ ಬಸ್ ಟಿಕೆಟ್ ಉಳಿಸಿದೆ, ಕೂಲಿಯನ್ನು ಉಳಿಸಿಲ್ಲ. ಇತ್ತ ಶಾಲೆಗಳಿಗೆ ಆಸರೆಯಾಗಬೇಕಾದ ಬ್ಲಾಕ್ ಮಟ್ಟದ ವಿಶೇಷ ಸಂಪನ್ಮೂಲ ಶಿಕ್ಷಕರು ಬೆರಳೆಣಿಕೆಯಷ್ಟು. ಶಿಬಿರ, ಪಟ್ಟಿ, ಮನೆಭೇಟಿ ಎಲ್ಲವೂ ಅವರ ತಲೆಗೇ. ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯವುಳ್ಳ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ.

ಹೀಗೇ ಬಿಟ್ಟರೆ ದುಡ್ಡಿದ್ದವರ ಮಗುವಿಗೆ ಕ್ಲಿನಿಕ್, ಉಳಿದವರ ಮಗುವಿಗೆ ಹಾಜರಿ ಪುಸ್ತಕದಲ್ಲೊಂದು ಹೆಸರು. ಹಾಗೆಂದು ತರಬೇತಿಯಿಲ್ಲದ ತರಗತಿ ಶಿಕ್ಷಕರಿಗೇ ಥೆರಪಿಯನ್ನು ವಹಿಸುವುದೂ ತಪ್ಪು; ಅಗ್ಗದ ದಾರಿ ಹುಡುಕುವ ಸರ್ಕಾರಕ್ಕೆ ಆ ಆಸೆ ಬರದೇ ಇರದು. ಥೆರಪಿಸ್ಟ್ ನಿಗದಿತ ದಿನ ಕ್ಲಸ್ಟರಿನ ಶಾಲೆಗೆ ಬರಬೇಕು, ತರಗತಿಯಲ್ಲೇ ಕೂತು ಮಗುವನ್ನು ನೋಡಬೇಕು. ಜಿಲ್ಲಾ ಕೇಂದ್ರದ ವರದಿ ತಾಯಿಯ ಚೀಲದಲ್ಲೇ ಉಳಿಯದೆ, ಕನ್ನಡದಲ್ಲಿ ಶಿಕ್ಷಕರ ಕೈ ಸೇರಬೇಕು. ಬಜೆಟ್ ಸಿದ್ಧತೆಯ ಹೊತ್ತಿಗೇ ಶಿಕ್ಷಣ, ಆರೋಗ್ಯ ಇಲಾಖೆಗಳು ಒಟ್ಟಿಗೆ ಕೂತು ಇದಕ್ಕೆ ಹಣ ತೆಗೆದಿಡಲಿ.

ಪೋಷಕರಿಗೊಂದು ಮಾತು. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಅಂಗವಿಕಲ ಮಕ್ಕಳನ್ನು ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ಹೇಳುತ್ತದೆ. ಥೆರಪಿಯ ನೆಪ ಹೇಳಿ ಸೀಟು ಇಲ್ಲವೆಂದರೆ ಅದನ್ನು ಬರಹದಲ್ಲಿ ಕೇಳಿ ಪಡೆಯಿರಿ. ಆ ಕಾಯ್ದೆಯಡಿ ನೇಮಕವಾಗುವ ರಾಜ್ಯ ಆಯುಕ್ತರಿಗೆ ದೂರು ಕೊಡಿ.