ಗಡಿಗೆರೆಯಲ್ಲಿ ಮುಗಿಯದ ಹೊಣೆ

ಹೊಣೆಯಿಂದ ನುಣುಚಿಕೊಳ್ಳಬಯಸುವವನು ಮೊದಲು ಮಾಡುವ ಕೆಲಸ ಲೆಕ್ಕದ ಪುಸ್ತಕವನ್ನು ಚಿಕ್ಕದಾಗಿಸುವುದು. ಇಡೀ ವ್ಯವಹಾರವನ್ನು ಮರೆಮಾಡಿ, ಒಂದೇ ಪುಟವನ್ನು ತೆರೆದಿಟ್ಟು, ‘ಇಲ್ಲಿ ದೋಷವೆಲ್ಲಿದೆ?’ ಎಂದು ಕೇಳುವ ಜಾಣತನ ಅಂಗಡಿಬೀದಿಗೆ ಹೊಸದಲ್ಲ. ಆದರೆ ಬಲಿಷ್ಠ ಸರ್ಕಾರಗಳೂ ಮಹಾಸಂಸ್ಥೆಗಳೂ ನೆಲ, ಜಲ, ವಾಯುಗಳ ವಿಷಯದಲ್ಲಿ ಇದೇ ಜಾಣತನವನ್ನು ತೋರಿದಾಗ ಅದನ್ನು ಅನ್ಯಾಯವೆಂದೇ ಕರೆಯಬೇಕು. ಕೆನಡಾದಿಂದ ಅಮೆರಿಕಕ್ಕೆ ಕಚ್ಚಾತೈಲ ಒಯ್ಯುವ ಕೊಳವೆಮಾರ್ಗಗಳ ಪರಿಸರ ಪರಿಶೀಲನೆಯ ಇತಿಹಾಸವೇ ಇದಕ್ಕೆ ನಿದರ್ಶನ.

ಅಮೆರಿಕದಲ್ಲಿ 1970ರ ಜನವರಿ 1ರಂದು ಅಂಗೀಕೃತವಾದ ರಾಷ್ಟ್ರೀಯ ಪರಿಸರ ನೀತಿ ಕಾಯಿದೆಯು, ಪರಿಸರಕ್ಕೆ ಗಣನೀಯ ಬಾಧೆ ತರಬಹುದಾದ ಕಾರ್ಯಕ್ಕೆ ಒಪ್ಪಿಗೆ ಕೊಡುವ ಮೊದಲು ಅದರ ಪರಿಣಾಮಗಳನ್ನು ಪರಿಶೀಲಿಸಿ ಪ್ರಕಟಿಸಬೇಕೆಂದು ಸರ್ಕಾರಿ ಇಲಾಖೆಗಳಿಗೆ ವಿಧಿಸುತ್ತದೆ. ಗಡಿ ದಾಟುವ ತೈಲಕೊಳವೆಗೆ ಅಧ್ಯಕ್ಷರ ಪರವಾನಗಿಯೂ ಬೇಕು. ಅಂಥ ಅರ್ಜಿಗಳ ವಿಚಾರಣೆ ದೀರ್ಘಕಾಲ ವಿದೇಶಾಂಗ ಇಲಾಖೆಯದಾಗಿತ್ತು. 2008ರಲ್ಲಿ ಟ್ರಾನ್ಸ್‌ಕೆನಡಾ ಸಂಸ್ಥೆಯು ಕೀಸ್ಟೋನ್ ಎಕ್ಸ್‌ಎಲ್ ಯೋಜನೆಗಾಗಿ ಅರ್ಜಿ ಸಲ್ಲಿಸಿತು. ಆಲ್ಬರ್ಟಾದ ಹಾರ್ಡಿಸ್ಟಿಯಿಂದ ನೆಬ್ರಾಸ್ಕಾದ ಸ್ಟೀಲ್ ಸಿಟಿಯವರೆಗಿನ ಅದರ ಮುಖ್ಯಭಾಗದ ಉದ್ದ ಸುಮಾರು 1,900 ಕಿಲೋಮೀಟರ್. ಸಾಗಿಸಬೇಕಾಗಿದ್ದ ತೈಲ ದಿನವೊಂದಕ್ಕೆ 8,30,000 ಬ್ಯಾರೆಲ್.

ಮೊದಲ ಪರಿಶೀಲನಾ ವರದಿಯನ್ನು ಸಿದ್ಧಪಡಿಸಿದ ಸಲಹಾ ಸಂಸ್ಥೆಯು ಟ್ರಾನ್ಸ್‌ಕೆನಡಾವನ್ನೇ ತನ್ನ ಪ್ರಮುಖ ಗ್ರಾಹಕರಲ್ಲಿ ಒಬ್ಬರೆಂದು ಹೇಳಿಕೊಂಡಿತ್ತು. ವೆಚ್ಚ ಭರಿಸಿದ್ದೂ ಅರ್ಜಿದಾರ ಸಂಸ್ಥೆಯೇ. ಅನುಚಿತ ಪ್ರಭಾವ ನಡೆದಿಲ್ಲವೆಂದು ಇಲಾಖೆಯ ಮಹಾನಿರೀಕ್ಷಕರು 2012ರಲ್ಲಿ ತೀರ್ಮಾನಿಸಿದರು, ಅದನ್ನು ಒಪ್ಪಿಕೊಳ್ಳೋಣ. ಲೆಕ್ಕಪರಿಶೋಧಕನಿಗೂ ಸಂಸ್ಥೆಯೇ ಸಂಭಾವನೆ ಕೊಡುವುದಿಲ್ಲವೇ ಎಂದು ಕೇಳುವವರೂ ಉಂಟು. ಕೊಡುತ್ತದೆ, ನಿಜ. ಆದರೆ ಅವನನ್ನು ನೇಮಿಸುವವರು ಷೇರುದಾರರೇ ಹೊರತು ವ್ಯವಸ್ಥಾಪಕನಲ್ಲ. ಕೀಸ್ಟೋನ್ ಪ್ರಕರಣದಲ್ಲಿ ನೆಲದೊಡೆಯರಿಗಾಗಲಿ ನದಿತೀರದ ಜನರಿಗಾಗಲಿ ನೇಮಕಾತಿಯಲ್ಲಿ ಮಾತೇ ಇರಲಿಲ್ಲ. ಸರ್ಕಾರದ್ದೇ ಆದ ಪರಿಸರ ಸಂರಕ್ಷಣಾ ಸಂಸ್ಥೆಯು 2010ರಲ್ಲಿ ಕರಡು ವರದಿ ಅಸಮರ್ಪಕವೆಂದು ಷರಾ ಬರೆಯಬೇಕಾಯಿತು.

2014ರ ಜನವರಿಯ ಅಂತಿಮ ಪೂರಕ ವರದಿಯ ಸಾರ ಇನ್ನೂ ಚಿಂತನಾರ್ಹ. ತೈಲಮರಳಿನಿಂದ ತೆಗೆದ ಎಣ್ಣೆ ಸಾಧಾರಣ ಎಣ್ಣೆಗಿಂತ ಸುಮಾರು 17 ಪ್ರತಿಶತ ಹೆಚ್ಚು ಹಸಿರುಮನೆ ಅನಿಲ ಉಗುಳುವುದೆಂದು ಅದೇ ವರದಿ ಒಪ್ಪಿಕೊಂಡಿತು. ಆದರೂ ಈ ಒಂದು ಕೊಳವೆಯಿಂದ ಗಣಿಗಾರಿಕೆಯ ವೇಗ ಹೆಚ್ಚೇನೂ ಬದಲಾಗದು, ಎಣ್ಣೆ ರೈಲಿನಲ್ಲಾದರೂ ಹೋಗುತ್ತದೆ ಎಂದಿತು. ‘ನಾನು ಮಾರದಿದ್ದರೆ ಪಕ್ಕದ ಅಂಗಡಿಯವನು ಮಾರುತ್ತಾನೆ’ ಎಂಬ ಹಳೆಯ ಸಮಾಧಾನವೇ ಇದು! ರೈಲೂ ನಿರಪಾಯಕರವಲ್ಲ, 2013ರಲ್ಲಿ ಕೆನಡಾದ ಲಾಕ್ ಮೆಗಾಂಟಿಕ್ ಪಟ್ಟಣದಲ್ಲಿ ತೈಲದ ರೈಲು ಹಳಿತಪ್ಪಿ 47 ಜೀವಗಳು ಹೋದವು. ಆದರೆ ಒಂದು ಅಪಾಯವನ್ನು ತೋರಿಸಿ ಇನ್ನೊಂದರ ಹೊಣೆಯನ್ನು ಕಳೆಯುವ ಗಣಿತ ಯಾವ ಶಾಸ್ತ್ರದಲ್ಲೂ ಇಲ್ಲ. ಮಾಡುವವನಿಗೆ, ಮಾಡಿಸುವವನಿಗೆ, ಮಾಡಿದ್ದಕ್ಕೆ ಅನುಮೋದನೆ ಕೊಡುವವನಿಗೆ, ಮೂವರಿಗೂ ಪಾಲುಂಟು. ಪರವಾನಗಿಯೆಂದರೆ ಅನುಮೋದನೆಯಲ್ಲದೆ ಮತ್ತೇನು?

2015ರ ನವೆಂಬರ್‌ನಲ್ಲಿ ಅಧ್ಯಕ್ಷ ಒಬಾಮ ಅರ್ಜಿಯನ್ನು ತಿರಸ್ಕರಿಸಿದರು. 2017ರಲ್ಲಿ ಟ್ರಂಪ್ ಆಡಳಿತ ಪರವಾನಗಿ ನೀಡಿತು. ಪರಿಶೀಲನೆಯಲ್ಲಿ ಕೊರತೆಗಳಿವೆಯೆಂದು ಮೊಂಟಾನಾದ ಫೆಡರಲ್ ನ್ಯಾಯಾಲಯ 2018ರಲ್ಲಿ ಕಾಮಗಾರಿಗೆ ತಡೆಯೊಡ್ಡಿತು. ಕೊರತೆಯನ್ನು ತುಂಬಿಕೊಡುವುದು ನ್ಯಾಯಮಾರ್ಗವಾಗಿತ್ತು. ಆದರೆ 2019ರ ಮಾರ್ಚ್‌ನಲ್ಲಿ ಹಳೆಯ ಪರವಾನಗಿಯನ್ನು ರದ್ದುಗೊಳಿಸಿ, ಅಧ್ಯಕ್ಷರೇ ಸ್ವಹಸ್ತದಿಂದ ಹೊಸದೊಂದನ್ನು ನೀಡಿದರು. ಕಾಯಿದೆ ಕಟ್ಟಿಹಾಕುವುದು ಇಲಾಖೆಗಳನ್ನು, ಅಧ್ಯಕ್ಷರನ್ನಲ್ಲ ಎಂಬುದು ಅದರ ಹಿಂದಿನ ತರ್ಕ. ಆ ಪರವಾನಗಿ ಗಡಿಯ ಬಳಿಯ ಸುಮಾರು 2 ಕಿಲೋಮೀಟರ್ ಕೊಳವೆಗೆ ಮಾತ್ರ ಸಂಬಂಧಿಸಿತ್ತು. 1,900 ಕಿಲೋಮೀಟರಿನ ವ್ಯವಹಾರಕ್ಕೆ 2 ಕಿಲೋಮೀಟರಿನ ಲೆಕ್ಕ! 2021ರ ಜನವರಿಯಲ್ಲಿ ಬೈಡನ್ ಅದನ್ನು ಹಿಂತೆಗೆದುಕೊಂಡರು. ಜೂನ್‌ನಲ್ಲಿ ಸಂಸ್ಥೆಯೇ ಯೋಜನೆಯನ್ನು ಕೈಬಿಟ್ಟಿತು.

ಯೋಜನೆ ನಿಂತರೂ ಯುಕ್ತಿ ನಿಲ್ಲಲಿಲ್ಲ. ಅದಕ್ಕೆ ಪೂರ್ವನಿದರ್ಶನವೂ ಇತ್ತು. ಎನ್‌ಬ್ರಿಡ್ಜ್ ಸಂಸ್ಥೆಯ ಆಲ್ಬರ್ಟಾ ಕ್ಲಿಪ್ಪರ್ ಕೊಳವೆಯಲ್ಲಿ ಹೆಚ್ಚು ತೈಲ ಹರಿಸಲು ಹೊಸ ಪರಿಶೀಲನೆ ನಡೆಯಬೇಕಾಗಿತ್ತು. 2014ರಲ್ಲಿ ಸಂಸ್ಥೆಯು ಗಡಿಯ ಸಮೀಪದಲ್ಲಿ ಆ ತೈಲವನ್ನು ಪಕ್ಕದ ಮತ್ತೊಂದು ಕೊಳವೆಗೆ ತಿರುಗಿಸಿ, ಗಡಿ ದಾಟಿಸಿ, ಮರಳಿ ಮೊದಲಿನ ಕೊಳವೆಗೇ ಸೇರಿಸುವ ಉಪಾಯ ಹೂಡಿತು. ವಿದೇಶಾಂಗ ಇಲಾಖೆ ಆಕ್ಷೇಪಿಸಲಿಲ್ಲ. ಕಾನೂನಿನ ಅಕ್ಷರ ಉಳಿಯಿತು, ಅರ್ಥ ಅಳಿಯಿತು.

ಇಂಥ ಉಪಾಯಗಳ ಬೆಲೆ ತೆರುವವರು ಯಾರು? ಇದೇ ಸಂಸ್ಥೆಯ, ಇಂಡಿಯಾನಾದಿಂದ ಕೆನಡಾದ ಸಾರ್ನಿಯಾಕ್ಕೆ ಹೋಗುವ ಕೊಳವೆ 2010ರ ಜುಲೈನಲ್ಲಿ ಮಿಷಿಗನ್‌ನ ಮಾರ್ಷಲ್ ಬಳಿ ಸೀಳಿತು. ಎಚ್ಚರಿಕೆಯ ಗಂಟೆ ಮೊಳಗಿದ್ದು ಕೆನಡಾದ ಎಡ್ಮಂಟನ್ ನಗರದ ನಿಯಂತ್ರಣ ಕೊಠಡಿಯಲ್ಲಿ. ಎಣ್ಣೆ ಹರಿದದ್ದು ಮಿಷಿಗನ್‌ನ ಕಲಾಮಜೂ ನದಿಗೆ. 17 ತಾಸುಗಳ ಕಾಲ ಸೋರಿಕೆ ತಿಳಿಯದೆ ಹೋಯಿತು. ನಡುವೆ ಎರಡು ಬಾರಿ ಪಂಪು ಮತ್ತೆ ಚಾಲೂ ಆಯಿತು. 8,40,000 ಗ್ಯಾಲನ್‌ಗೂ ಮಿಗಿಲಾದ ತೈಲದಲ್ಲಿ ಒಂದಷ್ಟು ನದಿಯ ತಳಕ್ಕಿಳಿದು, ವರ್ಷಗಟ್ಟಲೆ ಹೂಳೆತ್ತಬೇಕಾಯಿತು. ಮೀನು, ಆಮೆ, ಹಕ್ಕಿಗಳಿಗೆ ಗಡಿಯೆಂಬುದು ತಿಳಿಯದು, ಎಣ್ಣೆಗೂ ತಿಳಿಯದು.

ಇದು ದೂರದೇಶದ ಕಥೆಯೆಂದು ಪುಟ ಮಗುಚುವಂತಿಲ್ಲ. ಭಾರತದಿಂದಲೂ 2019ರಲ್ಲಿ ಮೋತಿಹಾರಿಯಿಂದ ನೇಪಾಳದ ಅಮ್ಲೇಖ್‌ಗಂಜ್‌ಗೆ, 2023ರಲ್ಲಿ ಸಿಲಿಗುರಿಯಿಂದ ಬಾಂಗ್ಲಾದೇಶದ ಪಾರ್ಬತೀಪುರಕ್ಕೆ ಇಂಧನ ಕೊಳವೆಗಳು ಆರಂಭವಾದವು. ನೆರೆಯವರಿಗೆ ಇಂಧನ ಒದಗಿಸುವುದು ಸತ್ಕಾರ್ಯವೇ. ಆದರೆ 2006ರ ಪರಿಸರ ಪರಿಣಾಮ ಅಧಿಸೂಚನೆ ತೈಲಕೊಳವೆಗಳನ್ನು ಹೆಸರಿಸುವುದು ಅವು ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಹವಳದಿಬ್ಬ, ಸೂಕ್ಷ್ಮಪ್ರದೇಶಗಳನ್ನು ಹಾಯ್ದಾಗ ಮಾತ್ರ; ಗಡಿ ದಾಟುವುದನ್ನು ಅದು ಪ್ರತ್ಯೇಕ ಕಾರಣವೆಂದು ಗಣಿಸಿಲ್ಲ. ದೊಡ್ಡ ತೈಲಕೊಳವೆಗಳೂ ಸೇರಿದಂತೆ ಗಡಿಯಾಚೆಗಿನ ಹಾನಿಯನ್ನು ಅಳೆಯಬೇಕೆನ್ನುವ 1991ರ ಎಸ್ಪೂ ಒಪ್ಪಂದದಲ್ಲಿ ಭಾರತ ಸೇರಿಲ್ಲ. ಅಮೆರಿಕ ಸಹಿ ಹಾಕಿಯೂ ಸ್ಥಿರೀಕರಿಸಿಲ್ಲ.

ಲೆಕ್ಕದ ಪುಸ್ತಕ ಇನ್ನೂ ಕಿರಿದಾಗುತ್ತಿದೆ. ಯೂಟಾ ರಾಜ್ಯದ ತೈಲ ರೈಲುಮಾರ್ಗದ ಮೊಕದ್ದಮೆಯಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 2025ರ ಮೇ ತಿಂಗಳಲ್ಲಿ, ಎಣ್ಣೆ ತೆಗೆಯುವ ಮತ್ತು ಸಂಸ್ಕರಿಸುವ ಬೇರೆ ಯೋಜನೆಗಳ ಪರಿಣಾಮಗಳನ್ನು ಅಳೆಯುವ ಹೊಣೆ ಇಲಾಖೆಗಿಲ್ಲವೆಂದು ತೀರ್ಪಿತ್ತಿತು.

ಆದಕಾರಣ ಬೇಡಿಕೆ ಮೂರೇ. ಪರಿಶೀಲನೆ ಗೆರೆಯನ್ನಲ್ಲ, ಎಣ್ಣೆಯನ್ನು ಹಿಂಬಾಲಿಸಲಿ. ಪರಿಶೀಲಕನನ್ನು ಅರ್ಜಿದಾರ ಆರಿಸದಿರಲಿ. ಗಡಿಯ ಆಚೆಯ ಜನರ ಮಾತಿಗೂ ಕಡತದಲ್ಲಿ ಸ್ಥಾನವಿರಲಿ. ವಿವೇಕಿಗಳಾದ ವರ್ತಕ ಕುಟುಂಬಗಳು ತೈಲಸಂಸ್ಥೆಯ ಷೇರು ಕೊಳ್ಳುವಾಗ ಲಾಭಾಂಶದೊಂದಿಗೆ ಈ ಮೂರನ್ನೂ ವಿಚಾರಿಸಲಿ. ಬಸದಿಯ ಜಮೀನಿನಲ್ಲಿ ಕೊಳವೆ ಹಾಯುವ ಪ್ರಸಂಗ ಬಂದರೆ, 1962ರ ಕಾಯಿದೆಯಂತೆ ಪ್ರಕಟಣೆಯಾದ 21 ದಿನಗಳೊಳಗೆ ಆಕ್ಷೇಪಣೆ ಸಲ್ಲಿಸುವ ಹಕ್ಕನ್ನು ವಿಶ್ವಸ್ತ ಮಂಡಳಿಗಳು ಮರೆಯದಿರಲಿ. ಕೇಳಬೇಕಾದಾಗ ಕೇಳದೆ ಉಳಿದ ಮೌನವೂ ಅನುಮೋದನೆಯ ಖಾತೆಗೇ ಜಮೆಯಾಗುತ್ತದೆ.